‘ಹಣ ಕೊಡಬೇಕಾದ ವ್ಯಕ್ತಿ’ ಯಾರು? ಇಂಗ್ಲಿಷ್ ಉಪವಾಕ್ಯಗಳಲ್ಲಿ ಪ್ರಿಪೊಸಿಷನ್ ವಹಿಸುವ ಪಾತ್ರ

ಸಾಲಪತ್ರವೊಂದರ ಕನ್ನಡ ಅನುವಾದದಲ್ಲಿ ‘ಹಣ ಕೊಡಬೇಕಾದ ವ್ಯಕ್ತಿ’ ಎಂಬ ಮಾತು ಬಂದಿದೆ ಎಂದಿಟ್ಟುಕೊಳ್ಳೋಣ. ಆ ವ್ಯಕ್ತಿ ಸಾಲ ಪಡೆದವನೋ, ಸಾಲ ನೀಡಿದವನೋ? ಹಣ ತೀರಿಸುವ ಹೊಣೆ ಹೊತ್ತವನೂ ‘ಹಣ ಕೊಡಬೇಕಾದ ವ್ಯಕ್ತಿ’ಯೇ, ಯಾರಿಗೆ ಹಣ ಸಲ್ಲಬೇಕೋ ಅವನೂ ‘ಹಣ ಕೊಡಬೇಕಾದ ವ್ಯಕ್ತಿ’ಯೇ. ಹಿಂದುಮುಂದಿನ ಮಾತುಗಳನ್ನು ನೋಡಿಯೇ ಅರ್ಥವನ್ನು ನಿಶ್ಚಯಿಸಬೇಕು. ಇಂಗ್ಲಿಷ್ ಮೂಲದಲ್ಲಾದರೋ ಈ ಸಂದೇಹಕ್ಕೆ ಎಡೆಯಿಲ್ಲ. ‘ದಿ ಪರ್ಸನ್ ಬೈ ಹೂಮ್ ದಿ ಮನಿ ಈಸ್ ಪೇಯಬಲ್’ ಎಂದರೆ ಸಾಲ ತೀರಿಸಬೇಕಾದವನು. ‘ದಿ ಪರ್ಸನ್ ಟು ಹೂಮ್ ದಿ ಮನಿ ಈಸ್ ಪೇಯಬಲ್’ ಎಂದರೆ ಸಾಲ ವಸೂಲು ಮಾಡಿಕೊಳ್ಳಬೇಕಾದವನು. ‘ಬೈ’ ಮತ್ತು ‘ಟು’ ಎಂಬ ಎರಡು ಪುಟ್ಟ ಪದಗಳು ಇಬ್ಬರ ಪಾತ್ರವನ್ನು ಅದಲುಬದಲು ಮಾಡಿಬಿಡುತ್ತವೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷ್‌ನಲ್ಲಿ ಬರೆಯುವಾಗ ಮೊದಲು ಬಿಟ್ಟುಹೋಗುವುದು ಇಂಥ ಪುಟ್ಟ ಪದಗಳೇ. ‘ನಾನು ಅರ್ಜಿ ಹಾಕಿದ ಹುದ್ದೆ’ ಎಂಬುದು ‘ದಿ ಪೋಸ್ಟ್ ಐ ಅಪ್ಲೈಡ್’ ಎಂದಾಗುತ್ತದೆ, ‘ಫಾರ್’ ಮಾಯವಾಗುತ್ತದೆ. ‘ನಾವು ವಾಸವಿರುವ ಮನೆ’ ಎಂಬುದು ‘ದಿ ಹೌಸ್ ವಿ ಲಿವ್’ ಎಂದಾಗುತ್ತದೆ, ‘ಇನ್’ ಕಾಣದಾಗುತ್ತದೆ. ಇದನ್ನು ಅಜಾಗರೂಕತೆ ಎಂದೋ, ಇಂಗ್ಲಿಷ್ ಬಾರದವರ ದೌರ್ಬಲ್ಯ ಎಂದೋ ತಳ್ಳಿಹಾಕುವುದು ರೂಢಿ. ವಾಸ್ತವದಲ್ಲಿ ಇದರ ಬೇರು ಇರುವುದು ಕನ್ನಡದ ವಾಕ್ಯರಚನೆಯಲ್ಲಿ. ಆ ಬೇರನ್ನು ಗುರುತಿಸಿಕೊಂಡರೆ ತಪ್ಪನ್ನು ತಿದ್ದಿಕೊಳ್ಳುವ ದಾರಿಯೂ ಕನ್ನಡದಲ್ಲಿಯೇ ದೊರೆಯುತ್ತದೆ.

ಕನ್ನಡದ ಮಿತವ್ಯಯ

‘ಅವನು ಕುರ್ಚಿಯ ಮೇಲೆ ಕುಳಿತನು’ ಎಂಬ ವಾಕ್ಯವನ್ನು ಕುರ್ಚಿಯ ವಿಶೇಷಣವಾಗಿ ಮಾರ್ಪಡಿಸಿದರೆ ‘ಅವನು ಕುಳಿತ ಕುರ್ಚಿ’ ಎಂದಾಗುತ್ತದೆ. ಮೊದಲಿನ ವಾಕ್ಯದಲ್ಲಿದ್ದ ‘ಮೇಲೆ’ ಎಲ್ಲಿ ಹೋಯಿತು? ಕನ್ನಡವು ಅದನ್ನು ಕೈಬಿಟ್ಟಿದೆ. ‘ಚಾಕುವಿನಿಂದ ಹಣ್ಣು ಕತ್ತರಿಸಿದಳು’ ಎಂಬುದು ‘ಹಣ್ಣು ಕತ್ತರಿಸಿದ ಚಾಕು’ ಆದಾಗ ‘ಇಂದ’ ಪ್ರತ್ಯಯ ಬಿದ್ದುಹೋಗುತ್ತದೆ. ‘ಶಾಲೆಯಲ್ಲಿ ಓದಿದನು’ ಎಂಬುದು ‘ಓದಿದ ಶಾಲೆ’ ಆದಾಗ ‘ಅಲ್ಲಿ’ ಉಳಿಯುವುದಿಲ್ಲ. ಕುರ್ಚಿಯ ಮೇಲೆ ಕೂರುತ್ತಾರೆ, ಚಾಕುವಿನಿಂದ ಕತ್ತರಿಸುತ್ತಾರೆ, ಶಾಲೆಯಲ್ಲಿ ಓದುತ್ತಾರೆ ಎಂಬುದು ಕೇಳುಗನಿಗೆ ತಿಳಿದೇ ಇದೆ. ಹೀಗಿರುವಾಗ ವಿಭಕ್ತಿಯನ್ನು ಮತ್ತೆ ಹೇಳುವ ಅಗತ್ಯವಿಲ್ಲವೆಂಬುದು ಕನ್ನಡದ ಧೋರಣೆ. ದ್ರಾವಿಡ ಭಾಷೆಗಳಲ್ಲಿ ಸಾಮಾನ್ಯವಾಗಿರುವ ರಚನೆ ಇದು.

ಈ ಮಿತವ್ಯಯಕ್ಕೆ ಬೆಲೆ ತೆರಬೇಕಾಗುವುದೂ ಉಂಟು. ‘ಅವನು ಬಂದ ಊರು’ ಎಂದರೆ ಅವನು ಬಂದು ಸೇರಿದ ಊರೂ ಆಗಬಹುದು, ಅವನು ಹೊರಟುಬಂದ ಊರೂ ಆಗಬಹುದು. ಇಂಗ್ಲಿಷ್‌ನಲ್ಲಿ ‘ದಿ ಟೌನ್ ಹಿ ಕೇಮ್ ಟು’ ಮತ್ತು ‘ದಿ ಟೌನ್ ಹಿ ಕೇಮ್ ಫ್ರಮ್’ ಎಂಬ ಎರಡು ಬೇರೆ ಮಾತುಗಳಿವೆ. ಎರಡರಲ್ಲಿ ಒಂದನ್ನು ಆರಿಸಲೇಬೇಕು. ಬರಿಯ ‘ದಿ ಟೌನ್ ಹಿ ಕೇಮ್’ ಎಂಬುದು ಇಂಗ್ಲಿಷ್ ಕಿವಿಗೆ ಅರ್ಧಕ್ಕೇ ನಿಂತ ವಾಕ್ಯದಂತೆ ಕೇಳಿಸುತ್ತದೆ.

ಆದರೆ ಕನ್ನಡದಲ್ಲಿ ಇನ್ನೊಂದು ರಚನೆಯೂ ಇದೆ. ‘ಯಾವ ಊರಿನಿಂದ ಬಂದನೋ ಆ ಊರು’, ‘ಯಾರಿಗೆ ಹಣ ಸಲ್ಲಬೇಕೋ ಅವರು’, ‘ಯಾವ ಹುದ್ದೆಗೆ ಅರ್ಜಿ ಹಾಕಿದೆನೋ ಆ ಹುದ್ದೆ’ ಎಂಬ ಮಾದರಿಯದು. ದಿನಬಳಕೆಯಲ್ಲಿ ಇದು ಕಡಿಮೆ. ಖಚಿತತೆ ಬೇಕಾದ ಶಾಸ್ತ್ರಗ್ರಂಥ, ಕಾನೂನು, ಗಾದೆಗಳಲ್ಲಿ ಹೆಚ್ಚು. ಇಲ್ಲಿ ಕಳೆದುಹೋಗಿದ್ದ ವಿಭಕ್ತಿ ಮರಳಿ ಬರುತ್ತದೆ ಎಂಬುದು ಗಮನಾರ್ಹ. ಇಂಗ್ಲಿಷ್‌ನ ರಚನೆ ಇದಕ್ಕೆ ಬಹಳ ಹತ್ತಿರ. ‘ಯಾವ ಊರಿನಿಂದ’ ಎಂಬುದಕ್ಕೆ ‘ಫ್ರಮ್ ವಿಚ್’, ‘ಯಾರಿಗೆ’ ಎಂಬುದಕ್ಕೆ ‘ಟು ಹೂಮ್’, ‘ಯಾವ ಹುದ್ದೆಗೆ’ ಎಂಬುದಕ್ಕೆ ‘ಫಾರ್ ವಿಚ್’. ಇಂಗ್ಲಿಷ್‌ನಲ್ಲಿ ಬರೆಯುವ ಮೊದಲು ಮನಸ್ಸಿನಲ್ಲಿ ‘ಯಾವ–ಆ’ ವಾಕ್ಯವನ್ನು ಕಟ್ಟಿಕೊಂಡರೆ ಬಿಟ್ಟುಹೋಗುವ ಪದ ತಾನಾಗಿ ಕಣ್ಣಿಗೆ ಬೀಳುತ್ತದೆ.

ಪ್ರಿಪೊಸಿಷನ್‌ಗೆ ಎರಡು ನೆಲೆ

ಇಂಗ್ಲಿಷ್‌ನಲ್ಲಿ ನಾಮಪದವನ್ನು ವಿವರಿಸುವ ಉಪವಾಕ್ಯಕ್ಕೆ ‘ರಿಲೇಟಿವ್ ಕ್ಲಾಸ್’ ಎಂದು ಹೆಸರು. ವ್ಯಕ್ತಿಗಳಿಗೆ ‘ಹೂ’, ‘ಹೂಮ್’, ವಸ್ತುಗಳಿಗೆ ‘ವಿಚ್’, ಎರಡಕ್ಕೂ ‘ದಟ್’ ಬಳಕೆಯಾಗುತ್ತವೆ. ಅನೇಕ ಸಂದರ್ಭಗಳಲ್ಲಿ ಇವು ಯಾವುವೂ ಇಲ್ಲದೆಯೂ ಉಪವಾಕ್ಯ ನಡೆಯುತ್ತದೆ. ಕ್ರಿಯಾಪದವು ಪ್ರಿಪೊಸಿಷನ್ ಒಂದನ್ನು ಬಯಸುವುದಾದರೆ ಅದನ್ನು ಎರಡು ಕಡೆಗಳಲ್ಲಿ ಇರಿಸಬಹುದು.

ಮೊದಲನೆಯದು, ಉಪವಾಕ್ಯದ ಕೊನೆಯಲ್ಲಿ, ಕ್ರಿಯಾಪದದ ಬಳಿಯಲ್ಲೇ ಉಳಿಸುವುದು: ‘ದಿ ಪೋಸ್ಟ್ ವಿಚ್ ಐ ಅಪ್ಲೈಡ್ ಫಾರ್’. ಎರಡನೆಯದು, ಸಂಬಂಧಸೂಚಕ ಪದದ ಮುಂದಕ್ಕೆ ಒಯ್ಯುವುದು: ‘ದಿ ಪೋಸ್ಟ್ ಫಾರ್ ವಿಚ್ ಐ ಅಪ್ಲೈಡ್’. ಎರಡೂ ಶುದ್ಧ. ಮೊದಲನೆಯದು ಮಾತುಕತೆಗೆ, ಸ್ನೇಹದ ಪತ್ರಕ್ಕೆ, ಸರಳ ಗದ್ಯಕ್ಕೆ ಒಪ್ಪುತ್ತದೆ. ಎರಡನೆಯದು ಅರ್ಜಿ, ಕರಾರುಪತ್ರ, ಸಂಶೋಧನಾ ಲೇಖನ, ನ್ಯಾಯಾಲಯದ ತೀರ್ಪು ಮೊದಲಾದ ವಿಧ್ಯುಕ್ತ ಬರವಣಿಗೆಗೆ ಹೊಂದುತ್ತದೆ.

ಪ್ರಿಪೊಸಿಷನ್ ಮುಂದಕ್ಕೆ ಹೋದಾಗ ಮೂರು ಕಟ್ಟುಪಾಡುಗಳು ಅನ್ವಯವಾಗುತ್ತವೆ. ಒಂದು, ಅದರ ನಂತರ ‘ದಟ್’ ಬರಕೂಡದು. ‘ದಿ ಪೋಸ್ಟ್ ಫಾರ್ ದಟ್ ಐ ಅಪ್ಲೈಡ್’ ಎಂಬುದು ತಪ್ಪು. ಎರಡು, ‘ಹೂ’ ಬದಲಿಗೆ ‘ಹೂಮ್’ ಬರಬೇಕು. ‘ದಿ ಆಫೀಸರ್ ಟು ಹೂ ಐ ರೋಟ್’ ಅಲ್ಲ, ‘ದಿ ಆಫೀಸರ್ ಟು ಹೂಮ್ ಐ ರೋಟ್’. ಮೂರು, ಸಂಬಂಧಸೂಚಕ ಪದವನ್ನು ಕೈಬಿಡುವಂತಿಲ್ಲ. ಅದನ್ನು ಕೈಬಿಡುವ ಸ್ವಾತಂತ್ರ್ಯ ಇರುವುದು ಪ್ರಿಪೊಸಿಷನ್ ಕೊನೆಯಲ್ಲಿ ಇದ್ದಾಗ ಮಾತ್ರ: ‘ದಿ ಆಫೀಸರ್ ಐ ರೋಟ್ ಟು’.

ಮುಂದಕ್ಕೆ ಸಾಗುವ ಈ ಕ್ರಿಯೆಗೆ ಭಾಷಾವಿಜ್ಞಾನಿಗಳು ಕೊಟ್ಟ ಹೆಸರು ‘ಪೈಡ್ ಪೈಪಿಂಗ್’. ಅಮೆರಿಕದ ಭಾಷಾವಿಜ್ಞಾನಿ ಜಾನ್ ರಾಬರ್ಟ್ ರಾಸ್ 1967ರಲ್ಲಿ ಮೆಸಾಚುಸೆಟ್ಸ್ ತಾಂತ್ರಿಕ ಸಂಸ್ಥೆಗೆ ಸಲ್ಲಿಸಿದ ಪ್ರಬಂಧದಿಂದ ಈ ಪರಿಭಾಷೆ ಪ್ರಚಾರಕ್ಕೆ ಬಂದಿತು. ಹ್ಯಾಮೆಲಿನ್ ಪಟ್ಟಣದ ಕೊಳಲುಗಾರನ ಹಿಂದೆ ಇಲಿಗಳು ಹೊರಟಂತೆ, ಸಂಬಂಧಸೂಚಕ ಪದ ಮುಂದಕ್ಕೆ ಹೊರಟಾಗ ಪ್ರಿಪೊಸಿಷನ್ನೂ ಅದರೊಂದಿಗೆ ಹೊರಡುತ್ತದೆ ಎಂಬುದು ಹೆಸರಿನ ಹಿಂದಿನ ಕಲ್ಪನೆ. ಕನ್ನಡದ ಮಕ್ಕಳಿಗೆ ಈ ಕಥೆ ಅಪರಿಚಿತವಲ್ಲ. ರಾಬರ್ಟ್ ಬ್ರೌನಿಂಗ್ ಕವಿಯ ಇಂಗ್ಲಿಷ್ ಪದ್ಯವನ್ನು ಆಧರಿಸಿ ಕುವೆಂಪು ರಚಿಸಿದ ‘ಬೊಮ್ಮನಹಳ್ಳಿಯ ಕಿಂದರಿಜೋಗಿ’ಯಲ್ಲಿ ಬರುವ ಜೋಗಿಯೇ ಆ ಕೊಳಲುಗಾರ. ಪ್ರಿಪೊಸಿಷನ್ ಹಿಂದೆಯೇ ಉಳಿದುಬಿಡುವ ರಚನೆಗೆ ಇಂಗ್ಲಿಷ್‌ನಲ್ಲಿ ‘ಸ್ಟ್ರ್ಯಾಂಡಿಂಗ್’ ಎನ್ನುತ್ತಾರೆ.

ಪ್ರಿಪೊಸಿಷನ್ ಬೇರೆ, ಕ್ರಿಯಾವಿಶೇಷಣ ಬೇರೆ

ಇಷ್ಟಕ್ಕೇ ನಿಂತಿದ್ದರೆ ವಿಷಯ ಸರಳವಾಗಿರುತ್ತಿತ್ತು. ತೊಡಕಿರುವುದು ಮುಂದೆ. ‘ಅಪ್’, ‘ಡೌನ್’, ‘ಇನ್’, ‘ಆನ್’, ‘ಓವರ್’ ಮುಂತಾದ ಪದಗಳು ಕೆಲವೊಮ್ಮೆ ಪ್ರಿಪೊಸಿಷನ್ ಆಗಿರುತ್ತವೆ, ಕೆಲವೊಮ್ಮೆ ಕ್ರಿಯಾವಿಶೇಷಣವಾಗಿರುತ್ತವೆ. ರೂಪ ಒಂದೇ, ಕೆಲಸ ಬೇರೆ. ಪ್ರಿಪೊಸಿಷನ್ ಮುಂದಿನ ನಾಮಪದಕ್ಕೆ ಸೇರಿದ್ದು. ಕ್ರಿಯಾವಿಶೇಷಣ ಹಿಂದಿನ ಕ್ರಿಯಾಪದಕ್ಕೆ ಸೇರಿದ್ದು. ಸಂಬಂಧಸೂಚಕ ಪದ ನಾಮಪದದ ಪ್ರತಿನಿಧಿಯಾದ್ದರಿಂದ ಅದರೊಡನೆ ಮುಂದಕ್ಕೆ ಹೊರಡಬಲ್ಲದ್ದು ಪ್ರಿಪೊಸಿಷನ್ ಮಾತ್ರ. ಕ್ರಿಯಾವಿಶೇಷಣ ತನ್ನ ಕ್ರಿಯಾಪದವನ್ನು ಬಿಟ್ಟು ಕದಲುವುದಿಲ್ಲ.

‘ಟರ್ನ್ ಡೌನ್’ ಎಂಬ ಜೋಡಿಯನ್ನೇ ತೆಗೆದುಕೊಳ್ಳಬಹುದು. ‘ಹಿ ಟರ್ನ್ಡ್ ಡೌನ್ ದಿ ರೋಡ್’ ಎಂದರೆ ಅವನು ಆ ರಸ್ತೆಗೆ ತಿರುಗಿದನು. ‘ಹಿ ಟರ್ನ್ಡ್ ಡೌನ್ ದಿ ಆಫರ್’ ಎಂದರೆ ಅವನು ಆ ಆಹ್ವಾನವನ್ನು ತಿರಸ್ಕರಿಸಿದನು. ಮೊದಲನೆಯದರಲ್ಲಿ ‘ಡೌನ್’ ರಸ್ತೆಗೆ ಸಂಬಂಧಿಸಿದ ಪ್ರಿಪೊಸಿಷನ್. ಆದ್ದರಿಂದ ‘ದಿ ರೋಡ್ ಡೌನ್ ವಿಚ್ ಹಿ ಟರ್ನ್ಡ್’ ಎಂಬ ಪ್ರಯೋಗ ಸಾಧು. ಎರಡನೆಯದರಲ್ಲಿ ‘ಟರ್ನ್ ಡೌನ್’ ಎಂಬುದು ಒಟ್ಟಾಗಿ ‘ತಿರಸ್ಕರಿಸು’ ಎಂಬ ಒಂದೇ ಅರ್ಥ ಕೊಡುವ ಕ್ರಿಯಾಪದ. ‘ದಿ ಆಫರ್ ಡೌನ್ ವಿಚ್ ಹಿ ಟರ್ನ್ಡ್’ ಎಂದರೆ ಇಂಗ್ಲಿಷ್ ಬಲ್ಲವರು ನಕ್ಕಾರು. ಇಲ್ಲಿ ‘ದಿ ಆಫರ್ ವಿಚ್ ಹಿ ಟರ್ನ್ಡ್ ಡೌನ್’ ಎಂಬುದೊಂದೇ ದಾರಿ.

ಎರಡನ್ನು ಬೇರ್ಪಡಿಸಲು ಸುಲಭ ಪರೀಕ್ಷೆಯೊಂದಿದೆ. ನಾಮಪದದ ಜಾಗದಲ್ಲಿ ‘ಇಟ್’ ಎಂಬ ಸರ್ವನಾಮವನ್ನು ಇಟ್ಟು ನೋಡಬೇಕು. ‘ಇಟ್’ ನಡುವೆ ನುಸುಳಿದರೆ ಅದು ಕ್ರಿಯಾವಿಶೇಷಣ. ಕೊನೆಯಲ್ಲಿ ನಿಂತರೆ ಪ್ರಿಪೊಸಿಷನ್. ‘ಟರ್ನ್ ಇಟ್ ಡೌನ್’, ‘ಲುಕ್ ಇಟ್ ಅಪ್’, ‘ಗಿವ್ ಇಟ್ ಅಪ್’, ‘ಕ್ಯಾರಿ ಇಟ್ ಔಟ್’, ‘ಹ್ಯಾಂಡ್ ಇಟ್ ಓವರ್’ — ಇವು ಮೊದಲ ಗುಂಪಿನವು. ‘ಲುಕ್ ಅಟ್ ಇಟ್’, ‘ಲುಕ್ ಫಾರ್ ಇಟ್’, ‘ಡಿಪೆಂಡ್ ಆನ್ ಇಟ್’, ‘ಲಿಸನ್ ಟು ಇಟ್’, ‘ಅಪ್ಲೈ ಫಾರ್ ಇಟ್’ — ಇವು ಎರಡನೆಯ ಗುಂಪಿನವು. ಈ ಪರೀಕ್ಷೆಯ ಪ್ರಕಾರ ‘ನಿಘಂಟಿನಲ್ಲಿ ನೋಡಿದ ಪದ’ ಎಂಬುದು ‘ದಿ ವರ್ಡ್ ವಿಚ್ ಐ ಲುಕ್ಡ್ ಅಪ್’ ಎಂದೇ ಆಗಬೇಕು. ‘ನಾನು ಹುಡುಕಿದ ಪದ’ ಎಂಬುದು ‘ದಿ ವರ್ಡ್ ವಿಚ್ ಐ ಲುಕ್ಡ್ ಫಾರ್’ ಎಂದೂ ಆಗಬಹುದು, ‘ದಿ ವರ್ಡ್ ಫಾರ್ ವಿಚ್ ಐ ಲುಕ್ಡ್’ ಎಂದೂ ಆಗಬಹುದು.

ಮೂರು ಪದಗಳ ಕ್ರಿಯಾಪದಗಳು

ಕ್ರಿಯಾವಿಶೇಷಣ ಮತ್ತು ಪ್ರಿಪೊಸಿಷನ್ ಎರಡೂ ಒಂದೇ ಕ್ರಿಯಾಪದಕ್ಕೆ ಜೊತೆಯಾಗುವುದುಂಟು. ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊಳ್ಳು. ‘ಲುಕ್ ಫಾರ್ವರ್ಡ್ ಟು’ ಎಂದರೆ ಆಸೆಯಿಂದ ಎದುರುನೋಡು. ‘ಲುಕ್ ಡೌನ್ ಆನ್’ ಎಂದರೆ ಕೀಳಾಗಿ ಕಾಣು. ‘ಕ್ಯಾಚ್ ಅಪ್ ವಿತ್’ ಎಂದರೆ ಮುಂದೆ ಹೋದವರನ್ನು ಸೇರಿಕೊಳ್ಳು. ‘ಕಟ್ ಡೌನ್ ಆನ್’ ಎಂದರೆ ಬಳಕೆಯನ್ನು ತಗ್ಗಿಸು. ಇವುಗಳಲ್ಲಿ ನಡುವಿನ ಪದ ಕ್ರಿಯಾವಿಶೇಷಣ, ಕೊನೆಯದು ಪ್ರಿಪೊಸಿಷನ್. ಮುಂದಕ್ಕೆ ಹೋಗುವ ಅರ್ಹತೆ ಕೊನೆಯದಕ್ಕೆ ಮಾತ್ರ. ‘ದಿ ಡೇ ಟು ವಿಚ್ ವಿ ಲುಕ್ ಫಾರ್ವರ್ಡ್’ ಎಂಬುದು ವಿಧ್ಯುಕ್ತ ಭಾಷಣದಲ್ಲಿ ನಡೆಯುತ್ತದೆ. ಉಳಿದವುಗಳಲ್ಲಿ ಅದೂ ಕೃತಕವಾಗಿ ಕೇಳಿಸುವುದರಿಂದ ಎರಡನ್ನೂ ಕೊನೆಯಲ್ಲೇ ಉಳಿಸುವುದು ಕ್ಷೇಮ: ‘ದಿ ನಾಯ್ಸ್ ವಿ ಪುಟ್ ಅಪ್ ವಿತ್’.

ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಹೆಸರಿನಲ್ಲಿ ಪ್ರಚಲಿತವಿರುವ ಹಾಸ್ಯಪ್ರಸಂಗದ ತಿರುಳು ಇದೇ ಆಗಿದೆ. ವಾಕ್ಯದ ಕೊನೆಯಲ್ಲಿದ್ದ ಪ್ರಿಪೊಸಿಷನ್ನನ್ನು ಅಧಿಕಾರಿಯೊಬ್ಬ ತಿದ್ದಿದಾಗ, ಇಂಥ ಅಸಂಬದ್ಧವನ್ನು ತಾನು ಸಹಿಸುವುದಿಲ್ಲ ಎಂಬರ್ಥದಲ್ಲಿ ‘ಅಪ್ ವಿತ್ ವಿಚ್ ಐ ವಿಲ್ ನಾಟ್ ಪುಟ್’ ಎಂದು ಚರ್ಚಿಲ್ ಟಿಪ್ಪಣಿ ಬರೆದರೆಂಬುದು ಕಥೆ. ಸರ್ ಅರ್ನೆಸ್ಟ್ ಗೋವರ್ಸ್ 1948ರಲ್ಲಿ ಸರ್ಕಾರಿ ನೌಕರರಿಗಾಗಿ ಬರೆದ ‘ಪ್ಲೇನ್ ವರ್ಡ್ಸ್’ ಪುಸ್ತಕದಲ್ಲಿ ಹೀಗೊಂದು ಪ್ರಸಂಗವನ್ನು ‘ಹೀಗೆ ಹೇಳುತ್ತಾರೆ’ ಎಂಬ ಎಚ್ಚರಿಕೆಯೊಂದಿಗೆ ದಾಖಲಿಸಿದರು. ಚರ್ಚಿಲ್ ನಿಜವಾಗಿಯೂ ಹಾಗೆ ಬರೆದರೆಂಬುದಕ್ಕೆ ಆಧಾರ ದೊರೆತಿಲ್ಲ. ಅದೇನೇ ಇರಲಿ, ಆ ವಾಕ್ಯ ನಗೆ ತರಿಸುವುದಕ್ಕೆ ವ್ಯಾಕರಣದ ಕಾರಣವಿದೆ. ಮುಂದಕ್ಕೆ ಹೋಗಬಹುದಾದ ‘ವಿತ್’ ಜೊತೆಗೆ, ಹೋಗಬಾರದ ‘ಅಪ್’ ಅನ್ನೂ ಎಳೆದೊಯ್ದಿದ್ದೇ ಆ ಕಾರಣ.

ಎಲ್ಲಿ ಆಯ್ಕೆಯಿಲ್ಲ?

ಪ್ರಿಪೊಸಿಷನ್ ಆಗಿದ್ದರೂ ಮುಂದಕ್ಕೆ ಹೋಗಲೊಪ್ಪದ ಕೆಲವು ಜೋಡಿಗಳಿವೆ. ‘ಲುಕ್ ಆಫ್ಟರ್’ ಎಂದರೆ ಆರೈಕೆ ಮಾಡು, ‘ಕಮ್ ಅಕ್ರಾಸ್’ ಎಂದರೆ ಅಕಸ್ಮಾತ್ತಾಗಿ ಕಣ್ಣಿಗೆ ಬೀಳು. ಇವುಗಳಲ್ಲಿ ಕ್ರಿಯಾಪದವೂ ಪ್ರಿಪೊಸಿಷನ್ನೂ ಬೆಸೆದುಕೊಂಡು ಹೊಸ ಅರ್ಥ ಹುಟ್ಟಿದೆ. ‘ದಿ ಚೈಲ್ಡ್ ಹೂಮ್ ಶಿ ಲುಕ್ಡ್ ಆಫ್ಟರ್’ ಎಂಬುದು ಸಹಜ. ‘ದಿ ಚೈಲ್ಡ್ ಆಫ್ಟರ್ ಹೂಮ್ ಶಿ ಲುಕ್ಡ್’ ಎಂದರೆ ಆರೈಕೆಯ ಅರ್ಥ ಮಸುಕಾಗಿ, ದೂರ ಸಾಗುತ್ತಿರುವ ಮಗುವಿನ ಹಿಂದೆ ದೃಷ್ಟಿ ಹಾಯಿಸಿದಳೆಂಬ ಭಾವ ಬರುತ್ತದೆ. ಬಿಡಿಸಿದರೆ ಅರ್ಥ ಕೆಡುವ ಜೋಡಿಯನ್ನು ಬಿಡಿಸಬಾರದೆಂಬುದು ಇಲ್ಲಿನ ಸೂತ್ರ.

ಇದಕ್ಕೆ ವಿರುದ್ಧವಾಗಿ, ಪ್ರಿಪೊಸಿಷನ್ ಮುಂದೆಯೇ ಬರಬೇಕಾದ ಸಂದರ್ಭಗಳೂ ಇವೆ. ‘ದಿ ಎಕ್ಸ್‌ಟೆಂಟ್ ಟು ವಿಚ್’, ‘ದಿ ಮ್ಯಾನರ್ ಇನ್ ವಿಚ್’, ‘ದಿ ಪೀರಿಯಡ್ ಡ್ಯೂರಿಂಗ್ ವಿಚ್’, ‘ದಿ ಲಿಮಿಟ್ ಬಿಯಾಂಡ್ ವಿಚ್’ ಮೊದಲಾದವು ಹೀಗೆಯೇ ರೂಢಿಗೆ ಬಂದಿವೆ. ಸಂಖ್ಯೆ ಅಥವಾ ಪ್ರಮಾಣವನ್ನು ಸೂಚಿಸುವ ‘ಮೆನಿ ಆಫ್ ಹೂಮ್’, ‘ನನ್ ಆಫ್ ವಿಚ್’ ಎಂಬಂಥವು ಕೂಡ ಉಪವಾಕ್ಯದ ಆರಂಭದಲ್ಲಿಯೇ ಬರುವುದು ವಾಡಿಕೆ.

ಸ್ಥಳ ಮತ್ತು ಕಾಲಗಳಿಗೆ ಸಂಬಂಧಿಸಿದಂತೆ ಇನ್ನೊಂದು ಸೌಲಭ್ಯವಿದೆ. ‘ಇನ್ ವಿಚ್’, ‘ಅಟ್ ವಿಚ್’ ಎಂಬುದಕ್ಕೆ ಬದಲಾಗಿ ‘ವೇರ್’, ‘ಆನ್ ವಿಚ್’ ಎಂಬುದಕ್ಕೆ ಬದಲಾಗಿ ‘ವೆನ್’ ಬಳಸಬಹುದು. ‘ದಿ ಹೌಸ್ ಇನ್ ವಿಚ್ ಹಿ ವಾಸ್ ಬಾರ್ನ್’ ಮತ್ತು ‘ದಿ ಹೌಸ್ ವೇರ್ ಹಿ ವಾಸ್ ಬಾರ್ನ್’ ಎರಡೂ ಒಂದೇ. ‘ವೇರ್’ ಎಂಬುದರ ಒಡಲಲ್ಲೇ ‘ಇನ್’ ಅಡಗಿರುವುದರಿಂದ ಕೊನೆಯಲ್ಲಿ ಮತ್ತೆ ಅದನ್ನು ಸೇರಿಸಬಾರದು.

ಕೊನೆಯಲ್ಲಿ ಬಂದರೆ ತಪ್ಪೇ?

ವಾಕ್ಯವನ್ನು ಪ್ರಿಪೊಸಿಷನ್‌ನಿಂದ ಮುಗಿಸಕೂಡದೆಂದು ಕಟ್ಟುನಿಟ್ಟಾಗಿ ಹೇಳುವ ಪಾಠಗಳು ಇಂದಿಗೂ ಇಲ್ಲದಿಲ್ಲ. ಈ ನಿಷೇಧದ ಮೂಲವನ್ನು ಹುಡುಕುತ್ತ ಹೋದರೆ 17ನೇ ಶತಮಾನದ ಇಂಗ್ಲೆಂಡಿಗೆ ತಲುಪಬೇಕಾಗುತ್ತದೆ. ಕವಿ ಜಾನ್ ಡ್ರೈಡನ್ 1672ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ, ತನಗಿಂತ ಹಿಂದಿನ ನಾಟಕಕಾರ ಬೆನ್ ಜಾನ್ಸನ್ ಪ್ರಿಪೊಸಿಷನ್ನನ್ನು ಕೊನೆಗೆ ಇರಿಸುತ್ತಿದ್ದುದನ್ನು ದೋಷವೆಂದು ಎತ್ತಿ ತೋರಿಸಿದರು. ತಮ್ಮ ಬರಹದಲ್ಲೂ ಈ ದೋಷ ಇದೆಯೆಂದು ಒಪ್ಪಿಕೊಂಡ ಅವರು, 1668ರಲ್ಲಿ ಹೊರತಂದಿದ್ದ ನಾಟಕ ಕಾವ್ಯ ಕುರಿತ ತಮ್ಮ ಪ್ರಬಂಧವನ್ನು 1684ರಲ್ಲಿ ಮರುಮುದ್ರಿಸುವಾಗ ಅಂಥ ವಾಕ್ಯಗಳನ್ನು ತಿದ್ದಿದರು. ಆ ಕಾಲದ ವಿದ್ವಾಂಸರಿಗೆ ಲ್ಯಾಟಿನ್ ಆದರ್ಶ ಭಾಷೆಯಾಗಿತ್ತು. ಲ್ಯಾಟಿನ್ನಿನಲ್ಲಿ ಪ್ರಿಪೊಸಿಷನ್ ತನ್ನ ನಾಮಪದದಿಂದ ಅಗಲಿ ವಾಕ್ಯದ ಕೊನೆಯಲ್ಲಿ ಒಂಟಿಯಾಗಿ ನಿಲ್ಲುವಂತಿಲ್ಲ. ‘ಪ್ರಿಪೊಸಿಷನ್’ ಎಂಬ ಹೆಸರೇ ‘ಮುಂದೆ ಇಟ್ಟದ್ದು’ ಎಂಬರ್ಥದ ಲ್ಯಾಟಿನ್ ಮೂಲದಿಂದ ಬಂದದ್ದು.

1762ರಲ್ಲಿ ಇಂಗ್ಲಿಷ್ ವ್ಯಾಕರಣ ಪ್ರಕಟಿಸಿದ ರಾಬರ್ಟ್ ಲೌತ್ ಅವರನ್ನು ಈ ನಿಷೇಧದ ಕರ್ತೃವೆಂದು ದೂರುವುದುಂಟು. ಅದು ಪೂರ್ತಿ ಸರಿಯಲ್ಲ. ಕೊನೆಯಲ್ಲಿ ಇರಿಸುವುದು ಇಂಗ್ಲಿಷ್‌ನ ಜಾಯಮಾನಕ್ಕೆ ಒಗ್ಗಿದ್ದು, ಆಪ್ತ ಶೈಲಿಗೆ ಹೊಂದುವಂಥದ್ದು ಎಂದು ಅವರು ಒಪ್ಪಿದ್ದರು. ಗಂಭೀರ ಶೈಲಿಗೆ ಮುಂದೆ ಇರಿಸುವುದೇ ಲೇಸೆಂಬುದಷ್ಟೇ ಅವರ ಅಭಿಪ್ರಾಯವಾಗಿತ್ತು. ಸಲಹೆಯಾಗಿದ್ದದ್ದು ಮುಂದೆ ಶಾಲಾಪಠ್ಯಗಳಲ್ಲಿ ಕಟ್ಟಳೆಯಾಗಿ ಮಾರ್ಪಟ್ಟಿತು. 1926ರಲ್ಲಿ ಇಂಗ್ಲಿಷ್ ಪ್ರಯೋಗ ಕೋಶವನ್ನು ಪ್ರಕಟಿಸಿದ ಹೆನ್ರಿ ಫೌಲರ್ ಈ ಕಟ್ಟಳೆಯನ್ನು ಮೂಢನಂಬಿಕೆಯೆಂದು ಕರೆದರು.

ಇತಿಹಾಸವೂ ಈ ನಿಷೇಧದ ಪರವಾಗಿಲ್ಲ. ಸಾವಿರ ವರ್ಷಗಳ ಹಿಂದಿನ ಹಳೆಯ ಇಂಗ್ಲಿಷ್‌ನಲ್ಲಿ ‘ಥೆ’ ಎಂಬ ಅವ್ಯಯದಿಂದ ಆರಂಭವಾಗುತ್ತಿದ್ದ ಉಪವಾಕ್ಯಗಳಲ್ಲಿ ಪ್ರಿಪೊಸಿಷನ್ ಹಿಂದೆಯೇ, ಕ್ರಿಯಾಪದದ ಬಳಿಯೇ ಉಳಿಯುತ್ತಿತ್ತು. ‘ವಿಚ್’, ‘ಹೂಮ್’ ಮೊದಲಾದವು ಸಂಬಂಧಸೂಚಕಗಳಾಗಿ ನೆಲೆಯೂರಿದ್ದು ಮಧ್ಯಕಾಲೀನ ಇಂಗ್ಲಿಷ್‌ನಲ್ಲಿ. ಇಂದಿನ ‘ದಟ್’ ಹಳೆಯ ‘ಥೆ’ ನಡೆದ ಹಾದಿಯಲ್ಲೇ ನಡೆಯುತ್ತಿದೆ. ತನ್ನ ಮುಂದೆ ಪ್ರಿಪೊಸಿಷನ್ ಬರಲು ಅದೂ ಬಿಡುವುದಿಲ್ಲ.

ಕನ್ನಡಿಗರು ಎಡವುವ ಕಡೆಗಳು

ಕೊನೆಯಲ್ಲಿ ಇರಿಸಬಾರದೆಂಬ ಅಂಜಿಕೆಯೂ ಬಿಟ್ಟುಹೋದೀತೆಂಬ ಅಂಜಿಕೆಯೂ ಕೂಡಿಕೊಂಡಾಗ ಪ್ರಿಪೊಸಿಷನ್ ಎರಡು ಕಡೆ ಕಾಣಿಸಿಕೊಳ್ಳುತ್ತದೆ. ‘ದಿ ಹೌಸ್ ಇನ್ ವಿಚ್ ವಿ ಲಿವ್ ಇನ್’, ‘ದಿ ಪೋಸ್ಟ್ ಫಾರ್ ವಿಚ್ ಐ ಅಪ್ಲೈಡ್ ಫಾರ್’, ‘ದಿ ಟೌನ್ ವೇರ್ ಐ ವರ್ಕ್ ಇನ್’ ಎಂಬಂಥ ಪ್ರಯೋಗಗಳು ಈ ಬಗೆಯವು. ಒಂದು ಪ್ರಿಪೊಸಿಷನ್‌ಗೆ ಒಂದೇ ಸ್ಥಾನ.

ಕನ್ನಡದ ವಿಭಕ್ತಿಯನ್ನು ಕಣ್ಣುಮುಚ್ಚಿ ನಂಬಿದರೂ ಅಪಾಯವಿದೆ. ಕನ್ನಡದಲ್ಲಿ ‘ಹಾಡನ್ನು ಕೇಳಿದೆ’, ‘ಚಿತ್ರವನ್ನು ನೋಡಿದೆ’, ‘ಬೀಗದ ಕೈಯನ್ನು ಹುಡುಕಿದೆ’ ಎಂದು ದ್ವಿತೀಯಾ ವಿಭಕ್ತಿಯೇ ಬರುತ್ತದೆ. ಇಂಗ್ಲಿಷ್‌ನಲ್ಲಿ ಇವೇ ಕ್ರಿಯೆಗಳಿಗೆ ‘ಲಿಸನ್ ಟು’, ‘ಲುಕ್ ಅಟ್’, ‘ಲುಕ್ ಫಾರ್’ ಎಂದು ಪ್ರಿಪೊಸಿಷನ್ ಬೇಕು. ಹೀಗಾಗಿ ‘ನಾನು ಕೇಳಿದ ಹಾಡು’ ಎಂಬುದು ‘ದಿ ಸಾಂಗ್ ಐ ಲಿಸನ್ಡ್ ಟು’ ಆಗಬೇಕು.

ಇದರ ವಿಲೋಮವೂ ಸತ್ಯ. ಕನ್ನಡದಲ್ಲಿ ‘ವಿಷಯದ ಬಗ್ಗೆ ಚರ್ಚಿಸು’, ‘ಕೋಣೆಯೊಳಗೆ ಪ್ರವೇಶಿಸು’ ಎನ್ನುತ್ತೇವೆ. ಇಂಗ್ಲಿಷ್‌ನ ‘ಡಿಸ್ಕಸ್’, ‘ಎಂಟರ್’ ಎಂಬ ಕ್ರಿಯಾಪದಗಳು ಈ ಅರ್ಥದಲ್ಲಿ ಪ್ರಿಪೊಸಿಷನ್ ಬಯಸುವುದಿಲ್ಲ. ‘ದಿ ಮ್ಯಾಟರ್ ಎಬೌಟ್ ವಿಚ್ ವಿ ಡಿಸ್ಕಸ್ಡ್’ ಎಂಬುದು ಕಚೇರಿ ಪತ್ರಗಳಲ್ಲಿ ಕಾಣಸಿಗುವ ತಪ್ಪು. ‘ದಿ ಮ್ಯಾಟರ್ ವಿಚ್ ವಿ ಡಿಸ್ಕಸ್ಡ್’ ಎಂದರೆ ಸಾಕು. ‘ತಲುಪು’ ಎಂಬರ್ಥದ ‘ರೀಚ್’, ‘ಮದುವೆಯಾಗು’ ಎಂಬರ್ಥದ ‘ಮ್ಯಾರಿ’ ಸಹ ಇದೇ ಗುಂಪಿಗೆ ಸೇರುತ್ತವೆ: ‘ದಿ ವಿಲೇಜ್ ವಿ ರೀಚ್ಡ್’, ‘ದಿ ಮ್ಯಾನ್ ಶಿ ಮ್ಯಾರೀಡ್’. ಆದ್ದರಿಂದ ಇಂಗ್ಲಿಷ್ ಕ್ರಿಯಾಪದವನ್ನು ಬಿಡಿಯಾಗಿ ಕಲಿಯುವುದಕ್ಕಿಂತ ಅದರ ಜೊತೆಗಾರ ಪದದೊಡನೆ ಕಲಿಯುವುದು ಫಲಕಾರಿ. ‘ವೇಟ್’ ಎಂದರೆ ಕಾಯು ಎಂದಷ್ಟೇ ನೆನಪಿಟ್ಟುಕೊಂಡವರು ‘ದಿ ಬಸ್ ಐ ವೇಟೆಡ್’ ಎಂದು ಬರೆದಾರು. ‘ವೇಟ್ ಫಾರ್’ ಎಂದು ನೆನಪಿಟ್ಟುಕೊಂಡವರು ‘ದಿ ಬಸ್ ಐ ವೇಟೆಡ್ ಫಾರ್’ ಎಂದೇ ಬರೆಯುತ್ತಾರೆ.

ಕರಾರುಪತ್ರ ಓದುವಾಗ

ಬರೆಯುವುದಕ್ಕಿಂತ ಓದುವಾಗ ಈ ತಿಳಿವಳಿಕೆಯ ಪ್ರಯೋಜನ ಹೆಚ್ಚು. ಮನೆ ಬಾಡಿಗೆಯ ಕರಾರು, ಬ್ಯಾಂಕ್ ಸಾಲದ ಪತ್ರ, ವಿಮಾ ಪಾಲಿಸಿ, ನೇಮಕಾತಿ ಆದೇಶ — ಇವು ಪ್ರಿಪೊಸಿಷನ್ ಮುಂದೆ ಬರುವ ಉಪವಾಕ್ಯಗಳಿಂದ ತುಂಬಿರುತ್ತವೆ. ‘ದಿ ಡೇಟ್ ಆನ್ ವಿಚ್’ ಎಂದರೆ ಆ ದಿನವೇ. ‘ದಿ ಡೇಟ್ ಬೈ ವಿಚ್’ ಎಂದರೆ ಆ ದಿನದೊಳಗಾಗಿ. ‘ದಿ ಡೇಟ್ ಫ್ರಮ್ ವಿಚ್’ ಎಂದರೆ ಆ ದಿನದಿಂದ ಮೊದಲ್ಗೊಂಡು. ಕನ್ನಡದಲ್ಲಿ ಮೂರನ್ನೂ ‘ಬಾಡಿಗೆ ಸಲ್ಲಿಸಬೇಕಾದ ದಿನಾಂಕ’ ಎಂದು ಅನುವಾದಿಸಿಬಿಟ್ಟರೆ ಬಾಡಿಗೆದಾರನ ಹೊಣೆ ಎಲ್ಲಿಂದ ಎಲ್ಲಿಯವರೆಗೆ ಎಂಬುದೇ ತಿಳಿಯದಾದೀತು. ‘ಯಾವ ದಿನಾಂಕದೊಳಗೆ ಬಾಡಿಗೆ ಸಲ್ಲಬೇಕೋ ಆ ದಿನಾಂಕ’ ಎಂದು ಬಿಡಿಸಿ ಬರೆದರೆ ವಾಕ್ಯ ತುಸು ಉದ್ದವಾದರೂ ವ್ಯಾಜ್ಯಕ್ಕೆ ಆಸ್ಪದವಿರುವುದಿಲ್ಲ.

ಹಳೆಯ ಶೈಲಿಯ ದಸ್ತಾವೇಜುಗಳಲ್ಲಿ ‘ವೇರ್‌ಬೈ’, ‘ವೇರ್‌ಇನ್’, ‘ವೇರ್‌ಟು’ ಎಂಬ ಪದಗಳು ಓದುಗರನ್ನು ಬೆದರಿಸುತ್ತವೆ. ಇವು ಕ್ರಮವಾಗಿ ‘ಬೈ ವಿಚ್’, ‘ಇನ್ ವಿಚ್’, ‘ಟು ವಿಚ್’ ಎಂಬುದಕ್ಕೆ ಸಮ. ಪ್ರಿಪೊಸಿಷನ್ ಇಲ್ಲಿ ಬಾಲವಾಗಿ ಅಂಟಿಕೊಂಡಿದೆ. ‘ಯಾವುದರ ಮೂಲಕ’, ‘ಯಾವುದರಲ್ಲಿ’, ‘ಯಾವುದಕ್ಕೆ’ ಎಂದು ಓದಿಕೊಂಡರೆ ಅರ್ಥ ಸ್ಪಷ್ಟವಾಗುತ್ತದೆ.

ಅಭ್ಯಾಸಕ್ಕೆ ನಾಲ್ಕು ಹೆಜ್ಜೆ

ಉಪವಾಕ್ಯ ರಚಿಸುವಾಗ ಕೆಳಗಿನ ಕ್ರಮವನ್ನು ಅನುಸರಿಸಬಹುದು.

1. ಮೊದಲು ಎರಡು ಬಿಡಿ ವಾಕ್ಯಗಳನ್ನು ಬರೆಯಬೇಕು. ‘ದಿಸ್ ಈಸ್ ದಿ ಪೋಸ್ಟ್. ಐ ಅಪ್ಲೈಡ್ ಫಾರ್ ದಿ ಪೋಸ್ಟ್.’ ಎರಡನೆಯ ವಾಕ್ಯದಲ್ಲಿ ಪ್ರಿಪೊಸಿಷನ್ ಇದೆಯೇ ಎಂದು ನೋಡಿಕೊಳ್ಳಬೇಕು. ಸಂದೇಹವಿದ್ದರೆ ನಿಘಂಟಿನಲ್ಲಿ ಕ್ರಿಯಾಪದದ ಉದಾಹರಣೆ ವಾಕ್ಯಗಳನ್ನು ಗಮನಿಸಬೇಕು.

2. ‘ಇಟ್’ ಪರೀಕ್ಷೆ ಮಾಡಬೇಕು. ‘ಅಪ್ಲೈ ಫಾರ್ ಇಟ್’ ಎಂದಾಗುವುದರಿಂದ ‘ಫಾರ್’ ಪ್ರಿಪೊಸಿಷನ್. ಅದಕ್ಕೆ ಎರಡು ನೆಲೆಗಳುಂಟು. ‘ಟರ್ನ್ ಇಟ್ ಡೌನ್’ ಎಂಬಂತೆ ಆದರೆ ಆ ಪದವನ್ನು ಕದಲಿಸಬಾರದು.

3. ಎರಡನೆಯ ವಾಕ್ಯದ ‘ದಿ ಪೋಸ್ಟ್’ ತೆಗೆದು ‘ವಿಚ್’ ಇರಿಸಿ ಎರಡನ್ನೂ ಕೂಡಿಸಬೇಕು. ವಿಧ್ಯುಕ್ತ ಪತ್ರವಾದರೆ ‘ದಿಸ್ ಈಸ್ ದಿ ಪೋಸ್ಟ್ ಫಾರ್ ವಿಚ್ ಐ ಅಪ್ಲೈಡ್’. ಮಾತುಕತೆಯಾದರೆ ‘ದಿಸ್ ಈಸ್ ದಿ ಪೋಸ್ಟ್ ಐ ಅಪ್ಲೈಡ್ ಫಾರ್’.

4. ಕೊನೆಗೆ ಎಣಿಸಿ ನೋಡಬೇಕು. ಬಿಡಿ ವಾಕ್ಯದಲ್ಲಿ ಒಂದು ‘ಫಾರ್’ ಇದ್ದರೆ ಕೂಡಿಸಿದ ವಾಕ್ಯದಲ್ಲಿಯೂ ಒಂದೇ ಇರಬೇಕು. ಶೂನ್ಯವೂ ಆಗಬಾರದು, ಎರಡೂ ಆಗಬಾರದು.

ಸಂದರ್ಶನದಲ್ಲಿ ಅಥವಾ ದೂರವಾಣಿಯಲ್ಲಿ ಮಾತನಾಡುವಾಗ ಈ ನಾಲ್ಕು ಹೆಜ್ಜೆಗಳಿಗೆ ಸಮಯ ಸಿಗದು. ಆಗ ಪ್ರಿಪೊಸಿಷನ್ನನ್ನು ಕೊನೆಗೆ ಉಳಿಸುವ ರಚನೆಯನ್ನೇ ನೆಚ್ಚಿಕೊಳ್ಳುವುದು ಸೂಕ್ತ. ಪ್ರಿಪೊಸಿಷನ್ ಇರಲಿ, ಕ್ರಿಯಾವಿಶೇಷಣ ಇರಲಿ, ಎರಡಕ್ಕೂ ಅದು ಸಲ್ಲುತ್ತದೆ. ‘ಹೂ’, ‘ಹೂಮ್’ ಗೊಂದಲವೂ ಎದುರಾಗುವುದಿಲ್ಲ. ವಾಕ್ಯದ ತುದಿಯಲ್ಲಿ ‘ಫಾರ್’ ಅಥವಾ ‘ಟು’ ಉಳಿಯಿತೆಂದು ಸಂಕೋಚಪಡಬೇಕಾದ ಕಾರಣವಿಲ್ಲ.